ಮಂಜಿನಲ್ಲಿ ಸಿಗುವ ನಂಬರು

ನಿಮ್ಮ ಮನೆ ಎಲ್ಲಿ ಎಂದು ಯಾರಾದರೂ ಕೇಳಿದರೆ ನಮ್ಮೂರಿನವರಿಗೆ ಮೈ ಉರಿಯುತ್ತದೆ. ಎಲ್ಲಿ ಅಂತ ಹೇಳುವುದು? ಮಂಜು ಇಳಿದರೆ ಮನೆಗಳು ಜಾಗ ಬದಲಿಸುತ್ತವೆ, ಮಂಜು ಎದ್ದಾಗ ಎಲ್ಲಿ ನಿಂತಿರುತ್ತವೋ ಮುಂದಿನ ಮಂಜಿನವರೆಗೆ ಅದೇ ವಿಳಾಸ. ಒಲೆಯ ಮೇಲಿನ ಹಾಲು ತುಳುಕುವುದಿಲ್ಲ, ತೊಟ್ಟಿಲಿನ ಕೂಸಿಗೆ ಎಚ್ಚರವಾಗುವುದಿಲ್ಲ. ಬಾಗಿಲು ತೆಗೆದಾಗ ಮಾತ್ರ ನಿನ್ನೆ ಎದುರಿಗಿದ್ದ ಕುಲುಮೆಯ ಬದಲು ಯಾರದೋ ದನದ ಕೊಟ್ಟಿಗೆ ಇರುತ್ತದೆ. ಇದನ್ನು ನಾವು ಬಿಸಿಲು ಮಳೆಯ ಹಾಗೆ ಒಪ್ಪಿಕೊಂಡಿದ್ದೇವೆ. ಟಪಾಲಿನವನು ಗುಡ್ಡದ ಮೇಲೆ ಕೂರುತ್ತಾನೆ, ಏಕೆಂದರೆ ಗುಡ್ಡ ಅಲುಗುವುದಿಲ್ಲ. ಕಾಗದ ಬೇಕಾದವರು ಹತ್ತಿಹೋಗಿ ತರುತ್ತಾರೆ. ಹೆಣ್ಣು ಕೊಡುವವರು ಗಂಡಿನ ಮನೆ ಎಷ್ಟು ದೂರ ಎಂದು ಕೇಳುವುದಿಲ್ಲ. ಕೆರೆಯ ಕಡೆ ಹೆಚ್ಚು ಸರಿಯುತ್ತದೋ ಕಲ್ಲುಬಂಡೆಗಳ ಕಡೆಗೋ ಎಂದು ವಿಚಾರಿಸುತ್ತಾರೆ. ಉಳಿದವರಿಗೆಲ್ಲ ಇದು ಹೇಗೋ ನಡೆಯುತ್ತದೆ. ಆದರೆ ನಾನು ನರ್ಸು. ಹೆಸರು ನೀಲಾಂಬಿಕಾ, ಊರವರ ಬಾಯಲ್ಲಿ ನೀಲಕ್ಕ. ನೋವು ಬಂದ ಬಸುರಿಗೆ ನಾನು ಬೇಕು, ನನಗೆ ಅವಳ ಮನೆ ಬೇಕು, ನಡುವೆ ಈ ಹಾಳು ಮಂಜು.

ಮೊದಲು ನಮ್ಮಲ್ಲಿ ತಂತಿಯ ಫೋನು ಇತ್ತು. ಇತ್ತು ಅನ್ನುವುದೂ ದೊಡ್ಡ ಮಾತೇ. ಮನೆ ಸರಿದರೆ ತಂತಿ ಹರಿಯುತ್ತಿತ್ತು. ಲೈನ್‌ಮನ್ ಗದಿಗೆಪ್ಪ ಏಣಿ ಹೊತ್ತು, ಹೆಗಲಿಗೆ ತಂತಿಯ ಸುರುಳಿ ಹಾಕಿಕೊಂಡು, ಒಂದೊಂದೇ ಮನೆ ಹುಡುಕಿ ಜೋಡಿಸುತ್ತಾ ಬರುತ್ತಿದ್ದ. ಅವನು ಕೊನೆಯ ಮನೆ ಮುಟ್ಟುವಷ್ಟರಲ್ಲಿ ಮತ್ತೆ ಮಂಜು. ಅವಸರದಲ್ಲಿ ಯಾರ ತಂತಿಯೋ ಯಾರಿಗೋ ಬೀಳುತ್ತಿತ್ತು. ನನ್ನ ಫೋನು ಹೊಡೆದುಕೊಂಡರೆ ಅರ್ಧದಷ್ಟು ಸಲ ಯಾರಾದರೂ ಹೆಂಗಸು, "ಜೋಳ ಬೀಸಿ ಆತೇನು?" ಎಂದು ಕೇಳುತ್ತಿದ್ದಳು. ನಾನು ಗಿರಣಿಯಲ್ಲ ತಾಯಿ ಎಂದರೆ, "ಹಂಗಾದ್ರ ಗಿರಣಿಯಂವಗ ಹೇಳಿಬಿಡವಾ" ಎಂದು ಇಟ್ಟುಬಿಡುತ್ತಿದ್ದಳು. ಗದಿಗೆಪ್ಪನನ್ನು ಕೇಳಿದರೆ ಅವನದು ಒಂದೇ ಉತ್ತರ. "ಮನಿ ನಿಂದರಸ್ರಿ, ತಂತಿ ನಾ ನಿಂದರಸ್ತೀನಿ."

ನಗುವ ಮಾತಲ್ಲ ಇದು. ಬಾಳವ್ವನ ಸೊಸೆ ಸಾವಂತ್ರಿಯ ಮೊದಲ ಹೆರಿಗೆ ಇಂಥದೇ ಮಂಜಿನಲ್ಲಿ ಬಂತು. ಬಾಳವ್ವ ನನಗೆ ಫೋನು ಮಾಡಿದಳು. ಅತ್ತ ಗಂಟೆ ಹೊಡೆಯುವುದು ಅವಳ ಕಿವಿಗೆ ಕೇಳಿಸಿತು. ಒಂದಲ್ಲ, ಮತ್ತೆ ಮತ್ತೆ ಮಾಡಿದಳು, ಪ್ರತಿ ಸಲವೂ ಗಂಟೆ ಹೊಡೆಯಿತು, ಯಾರೂ ಎತ್ತಲಿಲ್ಲ. ಹೊಡೆದದ್ದು ಗಿರಣಿಯಲ್ಲಿ. ಕಲ್ಲು ತಿರುಗುವ ಸದ್ದಿನಲ್ಲಿ ಗಿರಣಿಯ ವೀರಭದ್ರನಿಗೆ ತನ್ನ ಕೆಮ್ಮೂ ಕೇಳಿಸದು, ಗಂಟೆ ಎಲ್ಲಿ ಕೇಳಿಸೀತು! ನಾನು ಮನೆಯಲ್ಲೇ ಇದ್ದೆ, ಫೋನು ಪಕ್ಕದಲ್ಲೇ ತಣ್ಣಗೆ ಕೂತಿತ್ತು. ಕೂಸು ಉಳಿಯಲಿಲ್ಲ. ಮಂಜು ಎದ್ದಾಗ ನೋಡಿದರೆ ಬಾಳವ್ವನ ಮನೆ ನನ್ನ ಹಿತ್ತಲಿಗೆ ಬೆನ್ನು ಕೊಟ್ಟು ನಿಂತಿತ್ತು. ತಂತಿಯ ಸಂಗತಿಯನ್ನು ನಾನು ಹೇಳಿದೆ, ಗದಿಗೆಪ್ಪ ಬಂದು ಹೇಳಿದ, ವೀರಭದ್ರ ಕಣ್ಣೀರು ಹಾಕಿಕೊಂಡು ಹೇಳಿದ. ಬಾಳವ್ವ ಕೇಳಲಿಲ್ಲ. "ಗಂಟಿ ಹೊಡೀತು, ಆಕಿ ಎತ್ತಲಿಲ್ಲ" ಎಂದು ಊರೆಲ್ಲ ಹೇಳಿದಳು. ಅಂದಿನಿಂದ ನನ್ನೊಡನೆ ಮಾತು ಬಿಟ್ಟಳು. ಬಾವಿಕಟ್ಟೆಯಲ್ಲಿ ಎದುರಾದರೆ ಕೊಡವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ ಮುಖ ತಿರುಗಿಸುತ್ತಿದ್ದಳು.

ಮೊಬೈಲು ಯಾಕಿಲ್ಲ ಎನ್ನುತ್ತೀರಿ. ಅದೂ ಬಂತು. ಯಾವುದೋ ಕಂಪನಿಯವರು ಊರ ನಡುವೆ ದೊಡ್ಡ ಟವರು ನೆಟ್ಟು, ಮಾಲೆ ಹಾಕಿಸಿಕೊಂಡು, ಫೋಟೊ ತೆಗೆಸಿಕೊಂಡು ಹೋದರು. ಗುಡ್ಡದ ಮೇಲೆ ನೆಡಿರಪ್ಪಾ ಎಂದು ನಾವು ಬಡಕೊಂಡರೂ ಅವರ ನಕ್ಷೆಯಲ್ಲಿ ಗುಡ್ಡ ಇರಲಿಲ್ಲವಂತೆ. ಮೊದಲ ಮಂಜಿಗೇ ಟವರು ಅಡಿಪಾಯದ ಸಮೇತ ಹೊರಟಿತು. ಈಗ ಕೆರೆಯ ಆಚೆ ದಂಡೆಯ ಹತ್ತಿರ, ಕುತ್ತಿಗೆಯವರೆಗೆ ನೀರಿನಲ್ಲಿ ನಿಂತಿದೆ. ಕೊಕ್ಕರೆಗಳಿಗೆ ಅನುಕೂಲವಾಗಿದೆ.

ಕೊನೆಗೆ ಇದಕ್ಕೊಂದು ದಾರಿ ತಂದವನು ಮೋಟಾರು ರಿಪೇರಿಯ ಫಕ್ರುದ್ದೀನ. ಅವನು ಸಾಮಾನು ತರಲು ದೊಡ್ಡ ಪಟ್ಟಣಕ್ಕೆ ಹೋದವನು ಅಲ್ಲೊಂದು ಅಂಗಡಿಯಲ್ಲಿ ಇಂಟರ್ನೆಟ್ಟಿನ ಮೇಲೆ ನಡೆಯುವ ಫೋನು ನೋಡಿ ಬಂದ. ನಮ್ಮ ಗುಡ್ಡದ ಟಪಾಲು ಕಚೇರಿಯವರೆಗೆ ಇಂಟರ್ನೆಟ್ಟಿನ ಕೇಬಲ್ಲು ಬಂದು ಸುಮ್ಮನೆ ಬಿದ್ದಿತ್ತು. ಫಕ್ರುದ್ದೀನ ಅಲ್ಲೊಂದು ಆಂಟೆನಾ ನಿಲ್ಲಿಸಿದ, ಮನೆ ಮನೆಯ ಸೂರಿನ ಮೇಲೆ ಇನ್ನೊಂದು, ಒಳಗೆ ಮಿಣಮಿಣ ಎನ್ನುವ ಒಂದು ಪೆಟ್ಟಿಗೆ, ಪೆಟ್ಟಿಗೆಗೊಂದು ಫೋನು. ಮನೆ ಎತ್ತ ಹೋದರೂ ಗುಡ್ಡದ ಗಾಳಿ, ಅಂದರೆ ಆ ಆಂಟೆನಾದ ಸಿಗ್ನಲ್ಲು, ಸೋಕಿದರೆ ಸಾಕು. ನಂಬರು ತಂತಿಗೆ ಅಂಟಿಕೊಂಡದ್ದಲ್ಲ, ಪೆಟ್ಟಿಗೆಗೆ ಅಂಟಿಕೊಂಡದ್ದು. ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ತವರಿಗೆ ಹೋದರೂ ಅಲ್ಲಿ ಇಂಟರ್ನೆಟ್ಟಿದ್ದರೆ ಅದೇ ನಂಬರಿಗೆ ಕರೆ ಬರುತ್ತದೆ. ಇದನ್ನು ಕೇಳಿದ ದಿನ ನಾನು ಫಕ್ರುದ್ದೀನನ ಕೈ ಹಿಡಿದು ಕಣ್ಣಿಗೆ ಒತ್ತಿಕೊಳ್ಳುವುದೊಂದು ಬಾಕಿ. ಆದರೆ ಊರನ್ನು ಒಪ್ಪಿಸುವ ಕೆಲಸ ನನ್ನ ಕೊರಳಿಗೆ ಬಿತ್ತು, ಅಲ್ಲಿಂದ ನನ್ನ ತಲೆನೋವು ಶುರುವಾಯಿತು.

ದನದ ಸಂತೆಯ ಬಯಲಿನಲ್ಲಿ ಜನರನ್ನು ಕೂಡಿಸಿ ಫಕ್ರುದ್ದೀನ ತಿಳಿಸಿ ಹೇಳಿದ. "ನೋಡ್ರಿ, ನೀವು ಮಾತಾಡ್ತೀರಿ. ಈ ಪೆಟಿಗಿ ನಿಮ್ಮ ಮಾತನ್ನ ಸಣ್ಣ ಸಣ್ಣ ತುಂಡು ಮಾಡತೈತಿ. ಒಂದೊಂದು ತುಂಡಿಗೂ ಎಲ್ಲಿಗೆ ಹೋಗಬೇಕು ಅಂತ ಚೀಟಿ ಹಚ್ಚತೈತಿ. ತುಂಡು ಬ್ಯಾರೆ ಬ್ಯಾರೆ ದಾರೀಲೆ ಹೋಗತಾವು. ಅತ್ತಾಗ ಇನ್ನೊಂದು ಪೆಟಿಗಿ ಎಲ್ಲಾ ಕೂಡಿಸಿ ಮತ್ತ ಮಾತು ಮಾಡತೈತಿ." ಸಭೆಯ ಹಿಂದಿನಿಂದ ಬಾಳವ್ವ ಎದ್ದು ನಿಂತಳು. "ನನ್ನ ಮಾತು ತುಂಡು ಮಾಡತೀಯೇನೋ? ನಾ ಮಾತಾಡೂಮುಂದ ನನ್ನ ಮಗನೂ ನಡುವ ಬಾಯಿ ಹಾಕಂಗಿಲ್ಲ!" ಫಕ್ರುದ್ದೀನ ಬೆವರು ಒರೆಸಿಕೊಂಡ. ಇನ್ನೊಬ್ಬರು, ಒಂದು ತುಂಡು ದಾರಿಯಲ್ಲಿ ಕಳೆದುಹೋದರೆ ಬೈದದ್ದು ಹೊಗಳಿದ ಹಾಗೆ ಕೇಳಿಸುತ್ತದೆಯೇ ಎಂದು ಕೇಳಿದರು. ಗದಿಗೆಪ್ಪ ಎದೆಯ ಮೇಲೆ ಕೈಕಟ್ಟಿ ನಿಂತು, "ತಂತೀನ ಇಲ್ಲದ ಫೋನು ಅಂದ್ರ ಅದು ದೆವ್ವದ ಕೂಡ ಮಾತಾಡಿದಂಗ" ಎಂದ. ದೂರದೂರಿನ ಮಾತಿಗೂ ಪಕ್ಕದ ಮನೆಯ ಮಾತಿಗೂ ಒಂದೇ ಖರ್ಚು ಎಂದಾಗ ಮಾತ್ರ ಎಲ್ಲರ ಕಿವಿ ನಿಮಿರಿತು. ನಮ್ಮೂರಿನ ಗಂಡಸರು ಅರ್ಧದಷ್ಟು ಜನ ದೂರದ ಕಲ್ಲುಕ್ವಾರಿಗಳಲ್ಲಿದ್ದಾರೆ. ಸಾವಂತ್ರಿಯ ಗಂಡ ಮಲ್ಲೇಶಿಯೂ ಅಲ್ಲೇ. ಅವಳು ಅತ್ತೆಯ ಹಿಂದೆ ಕೂತವಳು ಕೈ ಎತ್ತಿದಳು. ಮತ್ತೆ ಬಸುರಾಗಿದ್ದಳು.

ಪೆಟ್ಟಿಗೆಗಳು ಬಂದವು. ನನ್ನ ಗೋಳು ಕಡಿಮೆಯಾಗುವ ಬದಲು ಬಗೆ ಬದಲಿಸಿತು. ನಮ್ಮೂರಿಗೆ ಕರೆಂಟಿನ ತಂತಿಯೂ ನಿಲ್ಲುವುದಿಲ್ಲ, ಎಲ್ಲರದೂ ಸೂರಿನ ಮೇಲೆ ಸೋಲಾರು, ಒಳಗೆ ಬ್ಯಾಟರಿ. ಕರೆಂಟಿಲ್ಲದಿದ್ದರೆ ಈ ಫೋನು ಸತ್ತ ಹಾಗೆ, ಅದಕ್ಕೇ ಮಂಜು ಬಿದ್ದ ದಿನ ಟೀವಿ ಹಚ್ಚಬೇಡಿ, ಬ್ಯಾಟರಿ ಉಳಿಸಿ ಎಂದು ನಾನು ಮನೆಮನೆಗೆ ಹೇಳಿದೆ. ಎಲ್ಲರೂ ತಲೆಯಾಡಿಸಿ ಟೀವಿ ಹಚ್ಚಿದರು. ನಾನು ಮನೆಯಲ್ಲಿಲ್ಲದಾಗ ಹೇಳಬೇಕಾದ್ದನ್ನು ಹೇಳಿಟ್ಟರೆ ಪೆಟ್ಟಿಗೆ ಅದನ್ನು ಹಿಡಿದಿಡುತ್ತದೆ ಎಂದೆ. ಕುಂಬಾರ ಶಂಕ್ರವ್ವ ಪ್ರತಿದಿನ ಮಧ್ಯಾಹ್ನ ಕರೆ ಮಾಡಿ, ಪೆಟ್ಟಿಗೆಯೊಂದಿಗೆ ತನ್ನ ಮೊಣಕಾಲ ನೋವನ್ನೆಲ್ಲ ಹೇಳಿಕೊಂಡು, "ಪಾಪ, ಈಕಿ ನಡುವ ಬಾಯಿ ಹಾಕದ ಕೇಳತಾಳ" ಎಂದು ಸಮಾಧಾನದಿಂದ ಇಡುತ್ತಿದ್ದಳು. ಇನ್ನು ಎಲ್ಲರೂ ಒಂದೇ ಸಲ ಮಾತಾಡುವ ನಂಬರೊಂದನ್ನು ಫಕ್ರುದ್ದೀನ ಮಾಡಿಟ್ಟಿದ್ದ. ಪಂಚಾಯ್ತಿಯ ಸಭೆಗೆ ಅನುಕೂಲವಾಗಲಿ ಎಂದು ಅವನ ಆಸೆ. ಮೊದಲ ದಿನ ಊರಿಗೆ ಊರೇ ಅದಕ್ಕೆ ಸೇರಿ, ಎಲ್ಲರೂ ಒಟ್ಟಿಗೇ "ಹಲೋ ಯಾರು" ಎಂದು ಕೇಳಿ, ಯಾರೂ ಉತ್ತರ ಹೇಳದೆ, ಸಂಜೆಯವರೆಗೆ ಅದೇ ನಡೆಯಿತು.

ಇದೆಲ್ಲದರ ನಡುವೆ ಒಂದು ಮಾತು ನನ್ನನ್ನು ಕೊರೆಯುತ್ತಿತ್ತು. ಫಕ್ರುದ್ದೀನನೇ ಮೊದಲಿಗೆ ಎಚ್ಚರಿಸಿದ್ದ. "ಅಕ್ಕಾರ, ಹಳೇ ಫೋನಿಗೆ ತಂತಿ ಇತ್ತು. ಅದು ಹರೀದ ಇದ್ರ, ತಂತಿ ಹಿಡಕೊಂಡು ಹೋಗಿ ಮನಿ ಮುಟ್ಟಬಹುದಿತ್ತು. ಇದಕ್ಕ ಹಂಗಿಲ್ಲ. ಯಾರು ಮಾತಾಡಾಕತ್ತಾರ ಅಂತ ಗೊತ್ತಾಗತೈತಿ. ಎಲ್ಲಿಂದ ಅನ್ನೋದು ಗೊತ್ತಾಗಂಗಿಲ್ಲ." ಅವನು ನನ್ನ ಹಳೆಯ ಮೊಬೈಲಿಗೂ ನನ್ನ ನಂಬರನ್ನೇ ಸೇರಿಸಿಕೊಟ್ಟ. ಮನೆಯ ಫೋನಿಗೆ ಬಂದ ಕರೆ ಅದಕ್ಕೂ ಬರುವ ಹಾಗೆ, ದಾರಿಯಲ್ಲಿ ಯಾರ ಮನೆಯ ಪೆಟ್ಟಿಗೆಯ ಗಾಳಿ ಸಿಕ್ಕಿದರೂ ಅದನ್ನು ಹಿಡಿದುಕೊಳ್ಳುವ ಹಾಗೆ ಮಾಡಿದ. ಬಾಳವ್ವ ಪೆಟ್ಟಿಗೆಯನ್ನು ಮನೆಯೊಳಗೆ ಬಿಟ್ಟುಕೊಂಡದ್ದು ಮಗನ ಮಾತಿಗೆ ಮಾತ್ರ. ನನ್ನ ನಂಬರನ್ನು ಆಕೆ ಮುಟ್ಟಲಾರಳು ಎಂದು ಫಕ್ರುದ್ದೀನ ಸಾವಂತ್ರಿಗೆ ಫೋನಿನ ಒಂದು ಗುಂಡಿಗೆ ಕುಂಕುಮ ಹಚ್ಚಿ ತೋರಿಸಿ ಬಂದಿದ್ದ, ಒತ್ತಿದರೆ ನನಗೇ ಬರುವಂತೆ.

ಆ ಸಲದ ಮಂಜು ಬಿಡದೆ ಹಿಡಿಯಿತು. ಬಿಸಿಲಿಲ್ಲದೆ ಬ್ಯಾಟರಿಗಳು ಸೊರಗುತ್ತಾ ಬಂದವು. ಒಂದು ಬೆಳಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ಫೋನು ಹೊಡೆಯಿತು. ಎತ್ತಿದೆ. ಅತ್ತ ಉಸಿರಿನ ಸದ್ದು ಮಾತ್ರ. ಆಮೇಲೆ ಹಿಂದೆ ಎಲ್ಲೋ ಒಂದು ಹೆಣ್ಣುದನಿ ನರಳಿತು. ನನಗೆ ಗೊತ್ತಾಯಿತು. "ಬಾಳಕ್ಕಾ, ಮಾತಾಡು" ಎಂದೆ. ಇನ್ನೂ ಉಸಿರೇ. "ಸಾವಂತ್ರಿಗೆ ನೋವು ಶುರುವಾಗಿ ಎಷ್ಟೊತ್ತಾತು? ನೀರು ಹೋಗೈತೇನು?" ಬಾಳವ್ವನ ದನಿ ಕಲ್ಲಿನ ಮೇಲೆ ಕಲ್ಲು ಎಳೆದಂತೆ ಬಂತು. "ಹೋಗೈತಿ. ಬೆಳಕು ಹರಿಯೂದಕ್ಕ ಮೊದಲ." "ಮತ್ತ ಈಗ ಮಾಡತೀಯೇನು?" ಎಂದು ನಾನು ಕೂಗಿಬಿಟ್ಟೆ. "ನೀ ಎತ್ತತೀಯೋ ಇಲ್ಲೋ ಅಂತ" ಎಂದಳು. ಆ ಹೊತ್ತಿಗೆ ನನಗೆ ಬಂದ ಸಿಟ್ಟು ಯಾವುದರ ಮೇಲೆ ಅಂತ ಈಗಲೂ ಹೇಳಲಾರೆ. ಬಾಗಿಲು ತೆಗೆದು ಏನು ಕಾಣಿಸುತ್ತದೆ ನೋಡು ಎಂದೆ. "ಬೆಳ್ಳಗ ಐತಿ" ಎಂದಳು. "ಟೀವಿ ಹಚ್ಚಿದ್ದೇನು ನಿನ್ನೆ?" "ಪೆಟಿಗೀದು ಕೆಂಪು ದೀಪ ಹತ್ತೈತಿ" ಎಂದಳು. ಬ್ಯಾಟರಿ ಮುಗಿಯುವ ಗುರುತು ಅದು.

ನಾನು ಚೀಲ ಹೆಗಲಿಗೆ ಹಾಕಿಕೊಂಡೆ, ಕರೆಯನ್ನು ಮೊಬೈಲಿಗೆ ತೆಗೆದುಕೊಂಡೆ. ಬಾಳವ್ವನ ಕರೆ ಕಡಿಯದೆ ಅವಳನ್ನು ಆ ಎಲ್ಲರೂ ಮಾತಾಡುವ ನಂಬರಿಗೆ ಸೇರಿಸಿದೆ. ಊರಿನ ಫೋನುಗಳೆಲ್ಲ ಒಟ್ಟಿಗೇ ಹೊಡೆದುಕೊಂಡವು, ಎಲ್ಲರೂ ಒಟ್ಟಿಗೇ "ಹಲೋ ಯಾರು" ಎಂದರು. ನಾನು ಗಂಟಲು ಹರಿಯುವಂತೆ ಕಿರುಚಿದೆ, "ಎಲ್ಲಾರೂ ಬಾಯಿ ಮುಚ್ಚರಿ! ಸಾವಂತ್ರಿಗೆ ನೋವು ಬಂದೈತಿ. ಮನಿ ಎಲ್ಲೈತಿ ಗೊತ್ತಿಲ್ಲ." ಒಂದು ಕ್ಷಣ ನಮ್ಮೂರಿನಲ್ಲಿ ಯಾರೂ ಮಾತಾಡಲಿಲ್ಲ. ನಾನು ಕಂಡಂತೆ ಅದೇ ಮೊದಲು. ಆಮೇಲೆ ಫಕ್ರುದ್ದೀನ ಹೇಳಿದ, "ಬಾಳವ್ವಾ, ಒಂದು ತಾಟು ತಗೊಂಡು ಬಾಗಿಲಾಗ ನಿಂತು ಬಡೀರಿ. ಉಳಿದವರು ಕೇಳರಿ. ಫೋನಿನ್ಯಾಗ ಬರೋ ಸಪ್ಪಳ ತುಸು ತಡಾ ಆಗತೈತಿ, ತುಂಡು ಮಾಡಿ ಕೂಡಿಸಬೇಕಲ್ಲ. ಹೊರಗಿನ ಗಾಳ್ಯಾಗ ಮೊದಲ ಕೇಳಿ ಫೋನಿನ್ಯಾಗ ಆಮ್ಯಾಲ ಕೇಳಿದ್ರ, ಆ ಮನಿ ನಿಮ್ಮ ಹತ್ತಿರ ಐತಿ ಅಂತ ತಿಳಕೊಳ್ಳರಿ." ತಾಟಿನ ಸದ್ದು ಶುರುವಾಯಿತು. "ಫೋನಿನ್ಯಾಗ ಕೇಳತೈತಿ" ಎಂದರು ಒಬ್ಬರು. "ನನಗೂ ಫೋನಿನ್ಯಾಗ ಅಷ್ಟ" ಎಂದರು ಇನ್ನೊಬ್ಬರು. "ನನಗ ಮೊಣಕಾಲು..." ಎಂದು ಶಂಕ್ರವ್ವ ಬಾಯಿ ತೆರೆದಳು, ನಾಲ್ಕಾರು ಜನ ಅವಳನ್ನು ಗದರಿದರು. ತಾಟು ಬಡಿಯುತ್ತಲೇ ಇತ್ತು. ಆಗ ವೀರಭದ್ರನ ದನಿ ಬಂತು. "ನಾ ಗಿರಣಿ ಬಂದ್ ಮಾಡೀನಿ. ನನ್ನ ಕಿವಿಗೆ ಮೊದಲ ಬಂತು, ಫೋನಿಗೆ ಆಮ್ಯಾಲ ಬಂತು! ಹಿಂದಿನ ಮಗ್ಗಲದಾಗ ಐತಿ, ಅಕ್ಕಾರ, ಹಿಂದಿನ ಮಗ್ಗಲದಾಗ!"

ಸರಿ, ಆದರೆ ಗಿರಣಿ ಎಲ್ಲಿತ್ತು? ನಾನು ನನ್ನ ಬಾಗಿಲಲ್ಲಿ ನಿಂತು, "ಗಿರಣಿಗೆ ಹತ್ತಿರ ಇದ್ದವರು ಬಡೀರಿ, ಅವರಿಗೆ ಹತ್ತಿರ ಇದ್ದವರು ಬಡೀರಿ" ಎಂದೆ. ಊರೆಲ್ಲ ಬಡಿಯತೊಡಗಿತು, ತಾಟು, ಚರಗಿ, ಹಿತ್ತಾಳೆ ಕೊಡ, ಏನೇನೋ. ಯಾವುದು ಎತ್ತಲಿಂದ ಬರುತ್ತದೋ ತಿಳಿಯದೆ ನನ್ನ ತಲೆ ಸಿಡಿಯಿತು. ಒಬ್ಬರ ಆಮೇಲೆ ಒಬ್ಬರು ಎಂದು ಬೈದು ಬೈದು ಸಾಲಿಗೆ ತರಬೇಕಾಯಿತು. ನನ್ನ ಪಕ್ಕದ ಮನೆಯಲ್ಲಿ ಚರಗಿ ಬಡಿದವನು ಗದಿಗೆಪ್ಪ ಎಂದು ಆಗ ಗೊತ್ತಾಯಿತು. "ಈ ಫೋನು ನನಗ ಬ್ಯಾಡಾಗಿತ್ತು, ಮಗಳು ಹಾಕಿಸಿಕೊಟ್ಟಾಳ" ಎಂದು ಗೊಣಗುತ್ತಲೇ ಬಡಿದ. ಅವನ ಸದ್ದಿಗೆ ನಡೆದೆ, ಅಲ್ಲಿಂದ ಮುಂದಿನದಕ್ಕೆ. ಕೈಯ ಮೊಬೈಲು ಒಂದು ಮನೆಯ ಗಾಳಿ ಬಿಟ್ಟು ಇನ್ನೊಂದನ್ನು ಹಿಡಿಯುವ ನಡುವೆ ಸತ್ತು ಸತ್ತು ಎಚ್ಚರಾಗುತ್ತಿತ್ತು, ಮಾತುಗಳು ತುಂಡು ತುಂಡಾಗಿ ಬರುತ್ತಿದ್ದವು. "ಎಡಕ್ಕ..." ಅನ್ನುತ್ತಿತ್ತು, ಆಮೇಲೆ ಏನೂ ಇಲ್ಲ, ಆಮೇಲೆ "...ಬೀಳತೀರಿ". ನಾನು ಬಿದ್ದೆ. ಯಾರದೋ ಗೊಬ್ಬರದ ಗುಂಡಿ. ಎದ್ದು ನಡೆದೆ. ಗಿರಣಿಯ ಗೋಡೆ ಕೈಗೆ ತಗುಲಿತು, ವೀರಭದ್ರ ಹಿಟ್ಟು ಮೆತ್ತಿದ ಕೈಯಿಂದ ನನ್ನ ತೋಳು ಹಿಡಿದು ಹಿಂದಕ್ಕೆ ತಿರುಗಿಸಿದ. ಅಷ್ಟರಲ್ಲಿ ಫೋನಿನಲ್ಲಿ ಬಾಳವ್ವನ ತಾಟು ನಿಂತಿತು. ಬ್ಯಾಟರಿ ಮುಗಿದಿತ್ತು. ಹೊರಗಿನ ಗಾಳಿಯಲ್ಲಿ ಮಾತ್ರ ಅದರ ಸದ್ದು ನಿಲ್ಲದೆ ಬರುತ್ತಿತ್ತು. ಫೋನು ಸತ್ತದ್ದು ಆಕೆಗೆ ಗೊತ್ತೂ ಇರಲಿಲ್ಲವೋ, ಗೊತ್ತಿದ್ದೇ ಬಡಿಯುತ್ತಿದ್ದಳೋ. ಆ ಸದ್ದಿಗೆ ಓಡಿದೆ.

ಬಾಗಿಲಲ್ಲಿ ಬಾಳವ್ವ ಬಡಿದೂ ಬಡಿದೂ ಸೊಟ್ಟಗಾದ ತಾಟು ಹಿಡಿದು ನಿಂತಿದ್ದಳು. ನನ್ನನ್ನು ನೋಡಿ ದಾರಿ ಬಿಟ್ಟಳು. ಸಾವಂತ್ರಿ ಗೋಡೆಗೆ ಒರಗಿ ತುಟಿ ಕಚ್ಚಿಕೊಂಡಿದ್ದಳು. ಮೊಬೈಲನ್ನು ಗೋಡೆಯ ಗೂಡಿಗೆ ಎಸೆದು ಕೈ ತೊಳೆದೆ. ತಲೆ ಕಾಣುತ್ತಿತ್ತು. ಅದು ಹೊರಬಂದಾಗ ಕೊರಳಿಗೆ ಹೊಕ್ಕುಳ ಹುರಿ ಸುತ್ತಿಕೊಂಡಿತ್ತು, ಬಿಗಿಯಾಗಿ. "ಈಗ ತಿಣುಕಬ್ಯಾಡ, ತಡೀ" ಎಂದು ಸಾವಂತ್ರಿಗೆ ಹೇಳಿ, ಬೆರಳು ತೂರಿಸಿ, ಮೆಲ್ಲಗೆ ಸಡಿಲಿಸಿ, ತಲೆಯ ಮೇಲಿಂದ ದಾಟಿಸಿದೆ. ಕೂಸು ಬಂತು. ನೀಲಿಗಟ್ಟಿತ್ತು. ಅಳಲಿಲ್ಲ. ಬಾಯಿ ಒರೆಸಿದೆ, ಬೆನ್ನು ತಿಕ್ಕಿದೆ, ಅಂಗಾಲಿಗೆ ಹೊಡೆದೆ, ಮತ್ತೆ ತಿಕ್ಕಿದೆ. ಬಾಳವ್ವ ನನ್ನ ಕೈಗಳನ್ನೇ ನೋಡುತ್ತಾ ನಿಂತಿದ್ದಳು. "ಅಳವಾ, ಅಳು" ಎಂದು ನಾನು ಬೈಯುತ್ತಿದ್ದೆ, ಬೇಡುತ್ತಿದ್ದೆ, ಏನು ಮಾಡುತ್ತಿದ್ದೆನೋ. ಆಮೇಲೆ ಅದು ಕೆಮ್ಮಿದಂತೆ ಮಾಡಿ, ಮುಖ ಕಿವುಚಿಕೊಂಡು, ಇಷ್ಟು ಹೊತ್ತು ಯಾಕೆ ತಡ ಎಂದು ಜಗಳಕ್ಕೆ ನಿಂತಂತೆ ಅತ್ತಿತು.

ಗೂಡಿನಿಂದ ದೊಡ್ಡ ಗದ್ದಲ ಎದ್ದಿತು. ಎಸೆದ ಮೊಬೈಲು ಯಾರ ಗಾಳಿಯನ್ನೋ ಹಿಡಿದುಕೊಂಡು ಇನ್ನೂ ಊರಿಗೆ ಸೇರಿಕೊಂಡೇ ಇತ್ತು. ಗಂಡೋ ಹೆಣ್ಣೋ ಎಂದು ಹತ್ತು ಜನ, ತಾಯಿ ಹೆಂಗ ಅದಾಳ ಎಂದು ಹತ್ತು ಜನ. ವೀರಭದ್ರ ಬಿಕ್ಕುತ್ತಿದ್ದ. ಅವರ ನಡುವೆ, ತುಸು ತಡವಾಗಿ, ಬಹಳ ದೂರದ ಒಂದು ಗಂಡುದನಿ ಬಂತು. ಫಕ್ರುದ್ದೀನ ಕ್ವಾರಿಯಿಂದ ಮಲ್ಲೇಶಿಯನ್ನೂ ಸೇರಿಸಿಬಿಟ್ಟಿದ್ದ. "ಸಾವಂತ್ರೀ" ಎಂದು ಅವನು ಕರೆದ. ಅವಳು ಕೂಸನ್ನು ಎದೆಗಿಟ್ಟುಕೊಂಡು, "ಹೆಣ್ಣು" ಎಂದಳು. ಆಮೇಲೆ ಇಬ್ಬರೂ ಮಾತಾಡಲಿಲ್ಲ, ಇಡೀ ಊರು ಅದನ್ನು ಕೇಳುತ್ತಾ ಕೂತಿತು. ಬಾಳವ್ವ ಗೂಡಿಗೆ ಹೋಗಿ ಮೊಬೈಲನ್ನು ತಲೆಕೆಳಗಾಗಿ ಹಿಡಿದು, "ಕೂಸು ಮಲಗಬೇಕು, ಎಲ್ಲಾರೂ ಇಡ್ರಿ!" ಎಂದು ಗದರಿದಳು. ಯಾರೂ ಇಡಲಿಲ್ಲ. ನಾನೇ ಆಫ್ ಮಾಡಿದೆ.

ಚಹಾ ಕುದಿಸಿ ತಂದು ನನ್ನ ಮುಂದೆ ಕುಕ್ಕಿ, ಬಾಳವ್ವ ಎದುರಿಗೆ ಕೂತಳು. ಮೊದಲ ಕೂಸಿನ ಮಾತು ತೆಗೆಯುತ್ತಾಳೆ, ತಂತಿಯ ಕಥೆಯನ್ನು ನಾನು ಮತ್ತೆ ಮೊದಲಿಂದ ಹೇಳಬೇಕು ಎಂದುಕೊಂಡೆ. ಹೇಳುವ ತ್ರಾಣ ನನ್ನಲ್ಲಿರಲಿಲ್ಲ. ಆಕೆ ಸೆರಗಿನಿಂದ ಮೂಗು ಒರೆಸಿಕೊಂಡು, "ಕುಂಕುಮ ಅಳಿಸಿ ಹೋಗತೈತಿ. ನಿನ್ನ ನಂಬರ ಹೇಳು, ಬಾಯಿಪಾಠ ಮಾಡತೀನಿ" ಎಂದಳು. ಹೇಳಿದೆ. ಅವಳು ಹೇಳಿದಳು, ತಪ್ಪು. ಮತ್ತೆ ಹೇಳಿದೆ. ಮತ್ತೆ ತಪ್ಪು, ನಡುವಿನ ಎರಡು ಅಂಕಿ ತಿರುಗುಮುರುಗು. ಹಾಗಲ್ಲ ಎಂದೆ. ನೀನೇ ಮೊದಲು ಹಾಗೆ ಹೇಳಿದ್ದು ಎಂದು ನನ್ನ ಮೇಲೇ ಹಾಯ್ದಳು. ಮೈಯೆಲ್ಲ ಗೊಬ್ಬರ, ಹೊಟ್ಟೆಯಲ್ಲಿ ಒಂದು ತುತ್ತಿಲ್ಲ, ಕಣ್ಣು ಮುಚ್ಚಿಕೊಳ್ಳುತ್ತಿದ್ದವು. ಬಾಳವ್ವ ಬಿಡಲಿಲ್ಲ. ನೆಲದ ಮೇಲೆ ಬೆರಳಿನಿಂದ ಗೀಚುತ್ತಾ, ತುಟಿ ಅಲುಗಿಸುತ್ತಾ, ನನ್ನ ನಂಬರನ್ನು ಹೇಳುತ್ತಲೇ ಇದ್ದಳು, ನಾನು ತಿದ್ದುತ್ತಲೇ ಇದ್ದೆ. ಕೊನೆಗೊಮ್ಮೆ ಸರಿಯಾಗಿ ಹೇಳಿದಾಗ ನಾನು ಗೋಡೆಗೆ ಒರಗಿ ನಿದ್ದೆ ಹೋಗಿದ್ದೆನಂತೆ. ಆಕೆ ನನ್ನ ಭುಜ ಹಿಡಿದು ಅಲುಗಿಸಿ ಎಬ್ಬಿಸಿ, ಮತ್ತೊಮ್ಮೆ ಹೇಳಿ ಒಪ್ಪಿಸಿದಳು.